ದಾರಿಗೆ ತಕ್ಕ ಗಾಲಿ

ತುಮಕೂರು ಜಿಲ್ಲೆಯನ್ನು ಶಾಲೆಗಳ ಆಡಳಿತದ ಮಟ್ಟಿಗೆ ಎರಡು ಪಾಲು ಮಾಡಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳೆಂಬ ನಾಲ್ಕು ತಾಲ್ಲೂಕುಗಳಿಗೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಹೆಸರಿಟ್ಟಿರುವುದು ಉಪಾಧ್ಯಾಯರಿಗೂ, ವರ್ಷಕ್ಕೊಮ್ಮೆ ಎಸ್‌.ಎಸ್‌.ಎಲ್‌.ಸಿ. ಫಲಿತಾಂಶದ ಪಟ್ಟಿಯಲ್ಲಿ ಆ ಹೆಸರನ್ನು ಹುಡುಕುವ ತಂದೆತಾಯಿಗಳಿಗೂ ಮಾತ್ರ ನೆನಪಿನಲ್ಲಿರತಕ್ಕ ಸಂಗತಿಯಾದರೂ, ಈ ನಾಲ್ಕು ತಾಲ್ಲೂಕುಗಳನ್ನು ಒಂದೆಂದು ಭಾವಿಸಲು ನನಗೆ ಬೇರೊಂದು ಕಾರಣವುಂಟು: ಇಲ್ಲಿಯ ಮುಳ್ಳು ಒಂದೇ, ಬಂಡೆ ಒಂದೇ, ಬೈಸಿಕಲ್ಲಿನ ಗಾಲಿಗೆ ಇಲ್ಲಿಯ ದಾರಿ ಕೊಡುವ ಶಿಕ್ಷೆಯೂ ಒಂದೇ. 2006-07ನೆಯ ಸಾಲಿನಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ ಕೊಡುವ ಯೋಜನೆಯನ್ನು ಆರಂಭಿಸಿದಂದಿನಿಂದ, ಕೊರೋನಾ ವ್ಯಾಧಿಯ ಕಾಲದಲ್ಲಿ ಅದು ನಿಂತುಹೋಗುವವರೆಗೆ, ಬೆಳಗಿನ ಒಂಬತ್ತು ಗಂಟೆಗೆ ಯಾವ ಹೋಬಳಿಯ ರಸ್ತೆಯಲ್ಲಿ ನಿಂತರೂ, ಚೀಲವನ್ನು ಕ್ಯಾರಿಯರಿಗೆ ಸಿಕ್ಕಿಸಿ ಸಾಲುಸಾಲಾಗಿ ಪೆಡಲು ತುಳಿದು ಬರುವ ಹುಡುಗಹುಡುಗಿಯರನ್ನು ನೋಡಬಹುದಾಗಿತ್ತು; ಅಂದು ಆ ಸಾಲಿನಲ್ಲಿದ್ದ ಎಷ್ಟೋ ಮಂದಿ ಇಂದು ಮೂವತ್ತು ದಾಟಿದ ಸಂಪಾದನಸ್ಥರಾಗಿ, ಬೆಂಗಳೂರಿನಲ್ಲಿ ನೆಲೆಸಿ, ಆರೋಗ್ಯದ ಹೆಸರಿನಲ್ಲಿ ಮತ್ತೆ ಸೈಕಲ್ ಕೊಂಡಿದ್ದಾರೆ. ಈ ಸಲ ಕೊಂಡದ್ದು ಮಾತ್ರ ಬಾಗಿದ ಹ್ಯಾಂಡಲಿನ, ಸಣ್ಣ ಟೈರಿನ, ಬೆರಳಿನಲ್ಲಿ ಎತ್ತಬಹುದಾದಷ್ಟು ಹಗುರವಾದ ರೋಡ್ ಬೈಕು.

ನನ್ನ ತಂಗಿಯ ಮಗನೂ ಅಂಥವರಲ್ಲಿ ಒಬ್ಬ. ಕಳೆದ ವರ್ಷದ ಹಬ್ಬಕ್ಕೆ ಊರಿಗೆ ಬಂದಾಗ ತನ್ನ ಹೊಸ ವಾಹನವನ್ನು ಕಾರಿನ ಮೇಲೆ ಕಟ್ಟಿಕೊಂಡು ಬಂದಿದ್ದ. ಅದರ ಹಿಂದಿನ ಗಾಲಿಗೆ 24, ಮುಂದಿನದಕ್ಕೆ 20 ಕಡ್ಡಿಗಳು. ಅವೂ ದುಂಡಗಿನವಲ್ಲ, ಗಾಳಿಯನ್ನು ಸೀಳಲೆಂದು ಚಪ್ಪಟೆಯಾಗಿ ಬಡಿದು ಮಾಡಿದ ಕತ್ತಿಯ ಅಲಗಿನಂಥವು. "ಇಷ್ಟು ಕಡಿಮೆ ಕಡ್ಡಿ ಸಾಕೇನಪ್ಪ?" ಎಂದು ನಾನು ಕೇಳಿದ್ದಕ್ಕೆ, "ಮಾವ, ನಿಮ್ಮ ಕಾಲದ ಸೈಕಲ್ ಅಲ್ಲ ಇದು" ಎಂದು ನಕ್ಕು, ಮಾರನೆಯ ದಿನ ನಸುಕಿನಲ್ಲೇ ಮಧುಗಿರಿಯಿಂದ ಪಾವಗಡದ ಕಡೆಗೆ ಹೊರಟ. ಮಳವಳ್ಳಿಯಲ್ಲಿ ಹುಟ್ಟಿ ಮದ್ದೂರು, ಕುಣಿಗಲ್, ತುಮಕೂರು, ಕೊರಟಗೆರೆಗಳನ್ನು ಹಾಯ್ದು ಬರುವ ಆ ರಾಜ್ಯ ಹೆದ್ದಾರಿ ತಕ್ಕಮಟ್ಟಿಗೆ ನುಣುಪಾದದ್ದೇ. ಆದರೆ ಮಿಡಿಗೇಶಿ ದಾಟಿದ ಮೇಲೆ, ಯಾವುದೋ ಹಳ್ಳಿಯ ಒಳದಾರಿ ಹಿಡಿಯುವ ಮೋಹಕ್ಕೆ ಬಿದ್ದು ಒಂದು ಗುಂಡಿಗೆ ಇಳಿಸಿದ್ದಾನೆ. ಟಣ್ ಎಂದು ಒಂದು ಶಬ್ದ. ಹಿಂದಿನ ಗಾಲಿಯ ಬಲಗಡೆಯ ಕಡ್ಡಿಯೊಂದು ಹಬ್ಬಿನ ಬಳಿಯೇ ತುಂಡಾಗಿ, ರಿಮ್ಮು ಒಂದು ಪಕ್ಕಕ್ಕೆ ಎಳೆದುಕೊಂಡು, ಟೈರು ಚೌಕಟ್ಟಿಗೆ ಉಜ್ಜುತ್ತ ಗಾಲಿ ತಿರುಗದೆ ನಿಂತಿತು. ಸೈಕಲನ್ನು ಹೆಗಲ ಮೇಲೆ ಹೊತ್ತು ಸೈಕಲ್ ಶಾಪು ಹುಡುಕಿದ ಅವನಿಗೆ ಅಲ್ಲಿಯ ಹಿರಿಯರು ಹೇಳಿದ್ದು ಇಷ್ಟೇ: "ಈ ಕಡ್ಡಿ ನಮ್ ಕಡೆ ಸಿಗಲ್ಲ ಸಾರ್. ಇದನ್ನ ಬಿಚ್ಚೋ ಸ್ಪ್ಯಾನರೂ ನಮ್ ಹತ್ರ ಇಲ್ಲ."

ಈ ಅನಾಹುತವು ಏಕಾಯಿತೆಂಬುದನ್ನು ತಿಳಿಯಬೇಕಾದರೆ ಗಾಲಿಯ ಅಂಗಾಂಗಗಳನ್ನು ಸ್ವಲ್ಪ ನೋಡಬೇಕು. ನಮ್ಮ ಪೂರ್ವಿಕರು ರಥಚಕ್ರಕ್ಕೆ ನಾಭಿ, ಅರ, ನೇಮಿ ಎಂದು ಮೂರು ಅಂಗಗಳನ್ನು ಹೇಳಿದರು. ನಾವು ಅವನ್ನೇ ಹಬ್ಬು, ಕಡ್ಡಿ, ರಿಮ್ಮು ಎನ್ನುತ್ತೇವೆ. ಹೆಸರುಗಳು ಹೀಗೆ ಒಂದಕ್ಕೊಂದು ಹೊಂದಿದರೂ ಎತ್ತಿನ ಗಾಡಿಯ ಚಕ್ರಕ್ಕೂ ಬೈಸಿಕಲ್ಲಿನ ಚಕ್ರಕ್ಕೂ ಸ್ವಭಾವದಲ್ಲಿ ಆಕಾಶಭೂಮಿಯ ಅಂತರವಿದೆ. ಗಾಡಿಯ ಮರದ ಅರವು ಕಂಬದಂತೆ ನೆಟ್ಟಗೆ ನಿಂತು ಮೇಲಿನ ಭಾರವನ್ನು ಹೊರುತ್ತದೆ. ಸೈಕಲ್ಲಿನ ಕಡ್ಡಿಯಾದರೋ ಎರಡು ಮಿಲಿಮೀಟರು ದಪ್ಪದ ತಂತಿ, ಅದನ್ನು ನಿಲ್ಲಿಸಿ ಮೇಲೆ ಕೈ ಊರಿದರೆ ಬಾಗಿಹೋಗುವಂಥದು. ಅದರ ಸಾಮರ್ಥ್ಯವೆಲ್ಲ ಎಳೆತದಲ್ಲಿದೆ. ನೇಮಿಯನ್ನು ಸುತ್ತಲಿಂದಲೂ ನಾಭಿಯ ಕಡೆಗೆ ಬಿಗಿಯಾಗಿ ಎಳೆದಿಟ್ಟರೆ, ಆ ಎಳೆತಗಳ ಪರಸ್ಪರ ಸಮತೋಲನದಿಂದಲೇ ಗಾಲಿ ಗಾಲಿಯಾಗಿ ನಿಲ್ಲುತ್ತದೆ. ಈ ಸೂಕ್ಷ್ಮವನ್ನು 1808ರಲ್ಲಿ ಇಂಗ್ಲೆಂಡಿನ ಜಾರ್ಜ್ ಕೇಲಿ ಎಂಬಾತನು ಹಾರುವ ಯಂತ್ರದ ಚಿಂತನೆಯಲ್ಲಿದ್ದಾಗ ಕಂಡುಕೊಂಡನೆಂದೂ, ಜೇಮ್ಸ್ ಸ್ಟಾರ್ಲಿಯು 1874ರಲ್ಲಿ ಕಡ್ಡಿಗಳನ್ನು ನೇರವಾಗಿ ಹೂಡದೆ ಓರೆಯಾಗಿ, ಒಂದನ್ನೊಂದು ಹಾಯುವಂತೆ ಹೆಣೆಯುವ ಕ್ರಮಕ್ಕೆ ಹಕ್ಕು ಪಡೆದನೆಂದೂ ಸೈಕಲ್ಲಿನ ಚರಿತ್ರಕಾರರು ಹೇಳುತ್ತಾರೆ. ಪೆಡಲು ತುಳಿದ ಬಲವು ಹಿಂದಿನ ಹಬ್ಬಿನಿಂದ ರಿಮ್ಮಿಗೆ ಮುಟ್ಟುವುದು ಈ ಓರೆಯ ಹೆಣಿಗೆಯಿಂದಲೇ. ಇಂದಿಗೂ ನಿಮ್ಮ ಮನೆಯ ಸೈಕಲ್ಲಿನ ಒಂದು ಕಡ್ಡಿಯ ಮೇಲೆ ಬೆರಳಿಟ್ಟು ಎಣಿಸಿದರೆ ಅದು ಸಾಮಾನ್ಯವಾಗಿ ಬೇರೆ ಮೂರು ಕಡ್ಡಿಗಳನ್ನು ದಾಟಿ ಹೋಗಿರುವುದು ಕಾಣುತ್ತದೆ.

ಸವಾರನು ಕುಳಿತಾಗ ನೆಲದ ಕಡೆಗಿರುವ ನಾಲ್ಕಾರು ಕಡ್ಡಿಗಳ ಬಿಗಿತ ಆ ಕ್ಷಣಕ್ಕೆ ಕುಗ್ಗಿ, ಅವು ಉರುಳಿ ಮೇಲೆ ಹೋದೊಡನೆ ಮತ್ತೆ ಹಿಂದಿನಂತಾಗುತ್ತದೆ. ಒಂದು ಕಿಲೋಮೀಟರಿಗೆ ಸುಮಾರು 470 ಸಲ ಹೀಗೆ ನಡೆಯುತ್ತದೆಯೆಂದ ಮೇಲೆ, ಊರಿಂದೂರಿಗೆ ಹೋಗಿ ಬರುವಷ್ಟರಲ್ಲಿ ಒಂದೊಂದು ಕಡ್ಡಿಯೂ ಎಷ್ಟು ಸಹಸ್ರ ಸಲ ಸಡಿಲಿ ಬಿಗಿಯುವುದೆಂಬುದನ್ನು ವಾಚಕರೇ ಗುಣಿಸಿ ನೋಡಬಹುದು. ಕಡ್ಡಿಗಳು ಸಮವಾಗಿ, ಸಾಕಷ್ಟು ಬಿಗಿಯಾಗಿದ್ದರೆ ಈ ಏರಿಳಿತವನ್ನು ವರ್ಷಾನುಗಟ್ಟಲೆ ಸಹಿಸುತ್ತವೆ; ಒಂದು ಸಡಿಲವಾಗಿ ಇನ್ನೊಂದು ಅತಿ ಬಿಗಿಯಾಗಿದ್ದರೆ, ಹಬ್ಬಿನ ತೂತಿನ ಬಳಿ ಬಾಗಿರುವ ಮೊಣಕೈಯಲ್ಲಿ ಲೋಹವು ದಣಿದು ದಣಿದು ಕೊನೆಗೆ ಮುರಿಯುತ್ತದೆ. ನನ್ನ ಅಳಿಯನ ಗುಂಡಿಯು ಕೇವಲ ನಿಮಿತ್ತ. ಆ ಕಡ್ಡಿಯ ಆಯುಸ್ಸು ಮೊದಲೇ ತೀರುತ್ತ ಬಂದಿತ್ತು. ಹಿಂದಿನ ಗಾಲಿಯ ಬಲಗಡೆಯೇ ಹೆಚ್ಚಾಗಿ ಮುರಿಯುವುದೇಕೆಂದರೆ, ಹಲ್ಲುಚಕ್ರಗಳಿಗೆ ಎಡೆ ಮಾಡಿಕೊಡಲು ಆ ಪಕ್ಕದ ಕಡ್ಡಿಗಳನ್ನು ಹೆಚ್ಚು ನೆಟ್ಟಗೆ, ಹೆಚ್ಚು ಬಿಗಿಯಾಗಿ ಎಳೆಯಬೇಕಾಗುತ್ತದೆ. 36 ಕಡ್ಡಿಯ ಗಾಲಿಯಲ್ಲಿ ಒಂದು ಹೋದರೆ ಉಳಿದ 35 ಅದರ ಪಾಲನ್ನು ಹಂಚಿಕೊಂಡು ನಿಮ್ಮನ್ನು ಮನೆಗೆ ಮುಟ್ಟಿಸುತ್ತವೆ; 20 ಕಡ್ಡಿಯ ಗಾಲಿಯಲ್ಲಿ ಒಂದು ಹೋದರೆ, ಒಂದೇ ಮಗನ ಸಂಪಾದನೆಯನ್ನು ನಂಬಿದ ಸಂಸಾರದ ಹಾಗೆ, ಎಲ್ಲವೂ ಒಮ್ಮೆಗೇ ಕುಸಿಯುತ್ತದೆ.

ನಾವು ಬಾಲ್ಯದಲ್ಲಿ ಗಂಟೆಯ ಲೆಕ್ಕದ ಮೇಲೆ ಬಾಡಿಗೆಗೆ ತಂದು, ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ತುಳಿಯುತ್ತಿದ್ದ ಆ ಕಪ್ಪು ಸೈಕಲ್ಲನ್ನು ಮಾಡಿದವರು ಈ ತತ್ತ್ವವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮುಂದಿನ ಗಾಲಿಗೆ 32, ಭಾರ ಹೆಚ್ಚು ಬೀಳುವ ಹಿಂದಿನ ಗಾಲಿಗೆ 40 ಕಡ್ಡಿ ಎಂಬ ಇಂಗ್ಲೆಂಡಿನ ವಾಡಿಕೆ ಅದರಲ್ಲಿ ಉಳಿದುಬಂದಿತ್ತು. ಹುಲ್ಲಿನ ಹೊರೆಯನ್ನೋ, ಹಾಲಿನ ಕ್ಯಾನುಗಳನ್ನೋ, ಹೆಂಡತಿ ಮತ್ತು ಎರಡು ಮಕ್ಕಳನ್ನೋ ಹೇರಿಕೊಂಡು ಹೊಲದ ಬದುವಿನ ಮೇಲೆ ಹೋದರೂ ಅದು ಮುಖ ಗಂಟಿಕ್ಕಿದ್ದಿಲ್ಲ. ಅದರ ಬ್ರೇಕಿನಲ್ಲಿಯೂ ಒಂದು ಜಾಣ್ಮೆಯಿತ್ತು. ಸರಳುಗಳಿಂದ ಎಳೆಯಲ್ಪಡುವ ಆ ಬ್ರೇಕು ರಿಮ್ಮಿನ ಎರಡು ಪಕ್ಕಗಳನ್ನು ಹಿಡಿಯದೆ, ಹಬ್ಬಿನ ಕಡೆಗೆ ಮುಖ ಮಾಡಿದ ಅದರ ಒಳಮೈಯನ್ನು ಒತ್ತುತ್ತಿತ್ತಾದುದರಿಂದ, ಗಾಲಿ ಅತ್ತಿತ್ತ ಓಲಾಡುತ್ತಿದ್ದರೂ ಬ್ರೇಕಿಗೆ ಅದರ ಪರಿವೆಯೇ ಇರುತ್ತಿರಲಿಲ್ಲ. ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮಿನ ಮೇಲೆ ಆ ಬ್ರೇಕು ಹೆಸರಿಗೆ ಮಾತ್ರ ಬ್ರೇಕಾಗಿತ್ತೆಂಬುದನ್ನೂ, ಅಂಥ ಹೊತ್ತಿನಲ್ಲಿ ಚಪ್ಪಲಿಯೇ ನಮ್ಮನ್ನು ಕಾಪಾಡುತ್ತಿತ್ತೆಂಬುದನ್ನೂ ಮರೆಮಾಚುವುದು ಮಾತ್ರ ಸರಿಯಲ್ಲ.

ಹಳೆಯದನ್ನು ಹೊಗಳುತ್ತ ಕೂರುವುದು ನನ್ನ ಉದ್ದೇಶವಲ್ಲ. ರೋಡ್ ಬೈಕಿಗೆ 40 ಕಡ್ಡಿಯ ಉಕ್ಕಿನ ಗಾಲಿ ಹಾಕಿರೆಂದು ಯಾವನೂ ಹೇಳನು. ಕೊಳ್ಳುವವನು ಗಾಲಿಯ ಹೊಳಪನ್ನೂ ತೂಕವನ್ನೂ ನೋಡುವ ಮೊದಲು ತಾನು ತುಳಿಯತಕ್ಕ ದಾರಿಯನ್ನೂ, ಆ ದಾರಿಯಲ್ಲಿ ಕೆಟ್ಟರೆ ರಿಪೇರಿ ಮಾಡಿಕೊಡುವವರು ಯಾರೆಂಬುದನ್ನೂ ನೆನೆಯಲೆಂಬುದೇ ನನ್ನ ಬಿನ್ನಹ. ಈ ದೃಷ್ಟಿಯಿಂದ ನಮ್ಮ ನಾಲ್ಕು ತಾಲ್ಲೂಕುಗಳ ಸವಾರನಿಗೆ ಅಲ್ಯೂಮಿನಿಯಮ್ಮಿನ ರಿಮ್ಮು, ಹಿಂದೆ 32 ಕಡ್ಡಿ, ಸವಾರನು ಸ್ಥೂಲಕಾಯನಾದರೆ 36, ಮುಂದೆ 28 ಅಥವಾ 32, ಕಡ್ಡಿಗಳು ಎಲ್ಲೆಡೆ ದೊರೆಯುವ ದುಂಡಗಿನ ಬಗೆಯವು, ಸಾಧ್ಯವಾದರೆ ತುಕ್ಕು ಹಿಡಿಯದ ಉಕ್ಕಿನವು, ಇಷ್ಟು ಸಾಕು. ಇದಕ್ಕಿಂತ ಹೆಚ್ಚಿನ ಹಣವಿದ್ದರೆ ಅದನ್ನು ಒಳ್ಳೆಯ ಹಬ್ಬಿನ ಮೇಲೂ, ಕೈಯಿಂದ ಗಾಲಿ ಕಟ್ಟುವವರ ಮಜೂರಿಯ ಮೇಲೂ ವೆಚ್ಚ ಮಾಡುವುದು ಲೇಸು.

ಅಳತೆಯ ವಿಷಯದಲ್ಲಿ ಮೋಸ ಹೋಗುವವರು ಬಹಳ. ಕಪ್ಪು ಸೈಕಲ್ಲಿನ ಗಾಲಿಯೂ 28 ಇಂಚಿನದು, ರೋಡ್ ಬೈಕಿನ 700ಸಿ ಎಂಬ ಗಾಲಿಯೂ 28 ಇಂಚಿನದೆಂದು ಅಂಗಡಿಗಳಲ್ಲಿ ಹೇಳುವುದುಂಟು. ಆದರೆ ಟೈರಿನ ಅಂಚು ಕೂರುವ ವೃತ್ತದ ವ್ಯಾಸ ಮೊದಲನೆಯದರಲ್ಲಿ 635 ಮಿಲಿಮೀಟರು, ಎರಡನೆಯದರಲ್ಲಿ 622. ಈ 13 ಮಿಲಿಮೀಟರಿನ ವ್ಯತ್ಯಾಸದಿಂದ ಒಂದರ ಟೈರು ಇನ್ನೊಂದಕ್ಕೆ ಯಾವ ಕಾಲಕ್ಕೂ ಕೂರದು. 26 ಇಂಚೆಂಬ ಹೆಸರಿನಲ್ಲಂತೂ ಇನ್ನೂ ದೊಡ್ಡ ಗೊಂದಲ: ಒಂದೂ ಮೂರೆಂಟಾಂಶ ಇಂಚು ಅಗಲದ ಹಳೆಯ ಬಗೆಗೆ 590, ಮೌಂಟನ್ ಬೈಕಿನ ಬಗೆಗೆ 559. ಆದುದರಿಂದ ಇಂಚುಗಳ ಮಾತನ್ನು ನಂಬದೆ, ಟೈರಿನ ಪಕ್ಕದಲ್ಲಿ ಉಬ್ಬಕ್ಷರದಲ್ಲಿರುವ 28-622 ಎಂಬಂಥ ಜೋಡಿ ಸಂಖ್ಯೆಯನ್ನು ಓದಿಕೊಳ್ಳಬೇಕು. ಮೊದಲಿನದು ಅಗಲ, ಎರಡನೆಯದು ವ್ಯಾಸ.

ಇನ್ನು ಅಗಲದ ಮಾತು. ಕೆಲವು ವರ್ಷಗಳ ಹಿಂದಿನವರೆಗೂ ರೋಡ್ ಬೈಕಿನ ಟೈರೆಂದರೆ 23 ಮಿಲಿಮೀಟರು, ಗಾಳಿಯೆಂದರೆ ಕಲ್ಲಿನಂತಾಗುವವರೆಗೆ ಹೊಡೆಯುವುದೆಂದು ಪಂದ್ಯದವರು ನಂಬಿದ್ದರು. ಅವರೇ ಇಂದು 28ಕ್ಕೂ ಅದರಾಚೆಗೂ ಹೋಗಿದ್ದಾರೆ. ಕಾರಣ ಸರಳವಾಗಿದೆ: ಗಡುಸಾದ ಸಣ್ಣ ಟೈರು ರಸ್ತೆಯ ಪ್ರತಿಯೊಂದು ಜಲ್ಲಿಯ ಮೇಲೂ ಸೈಕಲ್ಲನ್ನೂ ಸವಾರನನ್ನೂ ಕೂಡಿಯೇ ಎತ್ತಿ ಕುಕ್ಕುತ್ತದೆ, ಆ ಎತ್ತುವಿಕೆಗೆ ಬೇಕಾದ ಶಕ್ತಿ ಸವಾರನ ಕಾಲಿನಿಂದಲೇ ಬರಬೇಕು; ಅಗಲವಾದ ಟೈರಾದರೋ ಜಲ್ಲಿಯನ್ನು ತನ್ನ ಮೈಯಲ್ಲಿ ನುಂಗಿಕೊಂಡು ಮುಂದೆ ಹೋಗುತ್ತದೆ. 65 ಕಿಲೋ ತೂಗುವವನಿಗೆ 25 ಮಿಲಿಮೀಟರಿನ ಟೈರಿನಲ್ಲಿ 90 ಪೌಂಡಿನ ಆಸುಪಾಸಿನ ಒತ್ತಡ ಬೇಕಾಗುವಲ್ಲಿ 32ರ ಟೈರಿನಲ್ಲಿ 60ರ ಆಸುಪಾಸು ಸಾಕು. ಟೈರು ಅಗಲವಾದರೆ ರಿಮ್ಮಿನ ಒಳ ಅಗಲವೂ ಅದಕ್ಕೆ ಹೊಂದಬೇಕು. 28ರಿಂದ 32ರವರೆಗಿನ ಟೈರಿಗೆ 19ರಿಂದ 21 ಮಿಲಿಮೀಟರು ಒಳ ಅಗಲ ಹಿತವಾದದ್ದು. ಕೊಳ್ಳುವುದಕ್ಕೆ ಮೊದಲು ಫೋರ್ಕಿನ ನಡುವೆ ಬೆರಳು ತೂರಿಸಿ ಎಡೆ ಎಷ್ಟಿದೆಯೆಂದು ನೋಡುವುದನ್ನು ಮರೆಯಬಾರದು, ಏಕೆಂದರೆ ರಿಮ್ಮನ್ನು ಹಿಡಿಯುವ ಬ್ರೇಕಿನ ಅನೇಕ ರೋಡ್ ಬೈಕುಗಳಲ್ಲಿ 28ರ ಮೇಲೆ ಟೈರು ತೂರುವುದೇ ಇಲ್ಲ.

ಅಗಲವಾದ ಟೈರು ನಮಗೆ ಬೇಕೆಂಬುದಕ್ಕೆ ಯುರೋಪಿನ ಪಂದ್ಯದವರ ಸಾಕ್ಷ್ಯವೇನೂ ಅಗತ್ಯವಿಲ್ಲ. ಸುಗ್ಗಿಯ ದಿನಗಳಲ್ಲಿ ಶಿರಾದಿಂದಲೋ ಮಧುಗಿರಿಯಿಂದಲೋ ಯಾವ ದಾರಿ ಹಿಡಿದು ಹೊರಟರೂ ಸಾಕು. ಕಣ ಮಾಡುವ ಶ್ರಮವನ್ನು ಉಳಿಸಿಕೊಂಡ ನಮ್ಮ ರೈತರು ರಾಗಿಯ ತೆನೆಯನ್ನೂ ಹುರುಳಿಯ ಗಿಡವನ್ನೂ ಡಾಂಬರಿನ ಮೇಲೆ ಹರಡಿ, ಒಕ್ಕುವ ಕೆಲಸವನ್ನು ಬಸ್ಸು ಲಾರಿಗಳಿಗೆ ಒಪ್ಪಿಸಿರುತ್ತಾರೆ. ಮೋಟಾರು ಸೈಕಲ್ಲಿನವನೇ ಜಾರುವ ಆ ಹುರುಳಿಯ ಹಾಸಿಗೆಯ ಮೇಲೆ ಬೆರಳಗಲದ ಟೈರಿನವನ ಗತಿಯನ್ನು ಹೇಳುವುದೇನು? ಬಳ್ಳಿಯೊಂದು ಕಡ್ಡಿಗಳ ನಡುವೆ ಸಿಕ್ಕಿ ಸುತ್ತಿಕೊಂಡರೆ ಗೇರಿನ ತೋಳನ್ನೇ ಎಳೆದು ಗಾಲಿಯೊಳಕ್ಕೆ ಹಾಕುತ್ತದೆ. ಅಂಥ ಕಡೆ ಇಳಿದು ತಳ್ಳಿಕೊಂಡು ಹೋಗುವುದೇ ಬುದ್ಧಿವಂತಿಕೆ. ಒಕ್ಕಣೆಯ ಪಕ್ಕದಲ್ಲಿ ಕುಳಿತ ಅಜ್ಜಿ ನಕ್ಕರೂ ಚಿಂತೆಯಿಲ್ಲ.

ಮುಳ್ಳಿಗೆ ಮಾತ್ರ ಯಾವ ಅಗಲವೂ ಅಂಜಿಕೆಯಲ್ಲ. ಕೆರೆಯಂಗಳಗಳನ್ನೂ ರಸ್ತೆಯ ಎರಡು ಬದಿಗಳನ್ನೂ ಆಕ್ರಮಿಸಿ, ಸೌದೆಗಾಗಿ ಕಡಿದವರ ಕೈಯಿಂದ ಒಂದೊಂದು ತುಂಡಾಗಿ ದಾರಿಗೆ ಬೀಳುವ ಬಳ್ಳಾರಿ ಜಾಲಿಯೂ, ಮಳೆ ಹೋದ ಮೇಲೆ ಮಣ್ಣಿನ ಅಂಚಿನಲ್ಲಿ ಕಾದು ಕುಳಿತಿರುವ ನೆಗ್ಗಿಲು ಮುಳ್ಳೂ, ಶಿರಾದ ಬಳಿ ರಾಷ್ಟ್ರೀಯ ಹೆದ್ದಾರಿಯ ಪಕ್ಕದಲ್ಲಿ ಲಾರಿಯ ಟೈರು ಸಿಡಿದಾಗ ಚದರಿದ ಉಕ್ಕಿನ ಎಳೆಗಳೂ ಸೇರಿ, ಜಾನ್ ಬಾಯ್ಡ್ ಡನ್ಲಪ್ ಎಂಬ ಪಶುವೈದ್ಯನು 1888ರಲ್ಲಿ ತನ್ನ ಮಗನ ಮೂರುಗಾಲಿಯ ಸೈಕಲ್ಲಿಗಾಗಿ ಗಾಳಿಯ ಟೈರನ್ನು ಮಾಡಿಕೊಟ್ಟುದರ ಫಲವನ್ನು ನಮಗೆ ದಿನವೂ ನೆನಪಿಸುತ್ತವೆ. ಟ್ಯೂಬಿಲ್ಲದ ಟೈರಿನೊಳಗೆ ಹಾಲಿನಂಥ ಅಂಟುದ್ರವವನ್ನು ಹುಯ್ದು ಮುಳ್ಳಿನ ತೂತು ತಾನೇ ಮುಚ್ಚಿಕೊಳ್ಳುವಂತೆ ಮಾಡುವ ಹೊಸ ಪದ್ಧತಿ ಇಲ್ಲಿಗೆ ನಿಜವಾಗಿ ಒಪ್ಪುವಂಥದು. ಆದರೆ ಪಾವಗಡದ ಬೇಸಗೆಯಲ್ಲಿ ಆ ದ್ರವ ಬೇಗ ಒಣಗುತ್ತದಾದ್ದರಿಂದ ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ತುಂಬುವ ತಾಳ್ಮೆಯಿರಬೇಕು. ಅದಿಲ್ಲದವರು ಟ್ಯೂಬನ್ನೇ ಇಟ್ಟುಕೊಂಡು, ಒಳಪಟ್ಟಿಯಿರುವ ಗಟ್ಟಿ ಟೈರನ್ನು ಕೊಳ್ಳಲಿ. ರೋಡ್ ಬೈಕಿನ ಸಣ್ಣ ವಾಲ್ವಿಗೆ ನಮ್ಮ ಪಂಚರ್ ಅಂಗಡಿಯ ಗಾಳಿಯ ಪೈಪು ಹಿಡಿಯುವುದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರೊಂದನ್ನು ಜೇಬಿನಲ್ಲಿಟ್ಟುಕೊಂಡಿದ್ದರೆ ಆ ಅವಮಾನ ತಪ್ಪುತ್ತದೆ.

ತೂಕದ ಭ್ರಮೆಯನ್ನು ಕುರಿತು ಒಂದು ಲೆಕ್ಕ ಹೇಳಿಬಿಡುತ್ತೇನೆ. ಸವಾರನೂ ಸೈಕಲ್ಲೂ ಸೇರಿ 75 ಕಿಲೋ ಇದ್ದಾರೆನ್ನೋಣ. ಸಾವಿರಾರು ರೂಪಾಯಿ ಹೆಚ್ಚು ತೆತ್ತು ಕೊಂಡ ಗಾಲಿಗಳು 200 ಗ್ರಾಂ ಹಗುರವೆನ್ನೋಣ. ಅದು ಒಟ್ಟು ಭಾರದ 375ನೆಯ ಒಂದು ಪಾಲು. ಅರ್ಧ ಗಂಟೆ ಹಿಡಿಯುವ ಏರಿನಲ್ಲಿ ಇದರಿಂದಾಗುವ ಉಳಿತಾಯ ಹೆಚ್ಚೆಂದರೆ ಐದು ಸೆಕೆಂಡು. ನೇಮಿಯ ತೂಕವು ಮುಂದಕ್ಕೂ ಚಲಿಸಿ ಸುತ್ತಲೂ ತಿರುಗುವುದರಿಂದ ವೇಗ ಹೆಚ್ಚಿಸಿಕೊಳ್ಳುವಾಗ ಅದು ಇಮ್ಮಡಿಯಾಗಿ ಎಣಿಕೆಗೆ ಬರುವುದು ನಿಜ. ಆದರೆ ಒಂದೇ ಹದದಲ್ಲಿ ತುಳಿಯುವವನಿಗೆ ಆ ಇಮ್ಮಡಿಯೂ ಇಲ್ಲ. ಹೊರಡುವ ಮೊದಲು ಒಂದು ಲೋಟ ನೀರು ಕಡಿಮೆ ಕುಡಿದರೆ ದೊರೆಯುವ ಲಾಭ ಇಷ್ಟೇ, ಹಾಗೆ ಮಾಡಿರೆಂದು ಮಾತ್ರ ನಾನು ಹೇಳುವುದಿಲ್ಲ.

ಎತ್ತರವಾದ, ಬಾಳೆಯ ದಿಂಡನ್ನು ಸೀಳಿದಂತಿರುವ ಕಾರ್ಬನ್ ರಿಮ್ಮುಗಳು ಗಾಳಿಯ ತಡೆಯನ್ನು ಕಡಿಮೆ ಮಾಡುತ್ತವೆಂಬುದು ಸುಳ್ಳಲ್ಲ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಬೆಳೆಯುವುದರಿಂದ, ಗಂಟೆಗೆ 40 ಕಿಲೋಮೀಟರು ಹೋಗುವವನು 20ರಲ್ಲಿ ಹೋಗುವವನ ಎಂಟರಷ್ಟು ಶಕ್ತಿಯನ್ನು ಗಾಳಿಗೇ ತೆರಬೇಕು; ಅಂಥವನಿಗೆ ಈ ರಿಮ್ಮು ಸಹಾಯಕ. 20ರವನಿಗೆ ಅದು ಆಭರಣ. ಅದೂ ಅಡ್ಡಗಾಳಿಯಿಲ್ಲದ ಕಡೆ. ತಿರುಮಣಿಯ ಸುತ್ತ 13,000 ಎಕರೆಯ ಮೇಲೆ 2,050 ಮೆಗಾವಾಟಿನ ಸೌರವಿದ್ಯುತ್ತಿನ ಫಲಕಗಳು ಹಾಸಿರುವ ಬಯಲಿನಲ್ಲಿ, ತಡೆಯಲು ಒಂದು ಮರವೂ ಇಲ್ಲದ ರಸ್ತೆಯ ಮೇಲೆ, ಆಷಾಢದ ಗಾಳಿ ಪಕ್ಕದಿಂದ ಬಂದು ಆ ಎತ್ತರದ ಮುಂಗಾಲಿಯನ್ನು ಹಾಯಿಯಂತೆ ಹಿಡಿದು ತಿರುಗಿಸುವಾಗ, ಹ್ಯಾಂಡಲನ್ನು ಬಿಗಿಹಿಡಿದು ದೇವರನ್ನು ಸ್ಮರಿಸುವುದರಲ್ಲಿಯೇ ಸವಾರನ ಶಕ್ತಿಯೆಲ್ಲ ವ್ಯಯವಾಗುತ್ತದೆ. ಅಲ್ಲದೆ, ರಿಮ್ಮನ್ನೇ ಹಿಡಿಯುವ ಬ್ರೇಕಿದ್ದರೆ, ಪಕ್ಕದ ದೇವರಾಯನದುರ್ಗದಂಥ ಇಳಿಜಾರಿನಲ್ಲಿ ಬ್ರೇಕನ್ನು ಎಡೆಬಿಡದೆ ಒತ್ತಿದಾಗ ಕಾರ್ಬನ್ನು ಕಾಯುವ ಅಪಾಯವೂ ಉಂಟು. ಅಲ್ಯೂಮಿನಿಯಮ್ಮಿನ ರಿಮ್ಮು ಕಾಯುವುದಕ್ಕಿಂತ ಹೆಚ್ಚಾಗಿ ಸವೆಯುತ್ತದೆ; ಬ್ರೇಕು ತಾಗುವ ಮೈಯಲ್ಲಿ ಕೊರೆದಿರುವ ಗೀರಾಗಲಿ ಚುಕ್ಕಿಯಾಗಲಿ ಮಾಸಿಹೋದರೆ ರಿಮ್ಮಿನ ಕಾಲ ಮುಗಿಯಿತೆಂದು ತಿಳಿಯತಕ್ಕದ್ದು. ಡಿಸ್ಕ್ ಬ್ರೇಕಿನವರಿಗೆ ಈ ಎರಡು ಚಿಂತೆಗಳೂ ಇಲ್ಲ.

ಮತ್ತೆ ಆ ಸೈಕಲ್ ಶಾಪಿಗೆ ಬರೋಣ. ಅಳಿಯನೊಡನೆ ನಾನೂ ಮೂರನೆಯ ದಿನ ಅಲ್ಲಿಗೆ ಹೋದಾಗ, ಬೆಂಗಳೂರಿನಿಂದ ತರಿಸಿದ 32 ತೂತಿನ ಹಬ್ಬು, ರಿಮ್ಮು, ಕಡ್ಡಿಗಳನ್ನು ಗೋಣಿಯ ಮೇಲೆ ಹರಡಿಕೊಂಡು ಆ ಹಿರಿಯರು ಗಾಲಿ ಹೆಣೆಯಲು ಕುಳಿತರು. ಅಳತೆಯ ಯಂತ್ರಗಳು ಯಾವುವೂ ಅವರಲ್ಲಿರಲಿಲ್ಲ. ತಲೆಕೆಳಗು ಮಾಡಿದ ಸೈಕಲ್ಲಿನ ಚೌಕಟ್ಟೇ ಅವರ ಸ್ಟ್ಯಾಂಡು. ಅದಕ್ಕೆ ಒತ್ತಿ ಹಿಡಿದ ಸೀಮೆಸುಣ್ಣದ ತುಂಡು, ತಿರುಗುವ ರಿಮ್ಮು ಎಲ್ಲಿ ಓಲುವುದೋ ಅಲ್ಲಿ ತಾಗಿ ಗುರುತು ಮಾಡುತ್ತಿತ್ತು. ಆ ಗುರುತಿನ ಎದುರಿನ ಕಡ್ಡಿಯ ನಿಪ್ಪಲನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುವರು, ಒರೆಸುವರು, ಮತ್ತೆ ಸುಣ್ಣ ಹಿಡಿಯುವರು. ಬೆಂಡ್ ತೆಗೆದಾದ ಮೇಲೆ ತಂಬೂರಿಯವರು ತಂತಿಯನ್ನು ಮೀಟುವಂತೆ ಒಂದೊಂದು ಕಡ್ಡಿಯನ್ನೂ ಉಗುರಿನಿಂದ ಮೀಟಿ ಕಿವಿಗೊಟ್ಟು ಕೇಳಿದರು, ಏಕೆಂದರೆ ಒಂದೇ ಉದ್ದದ ಕಡ್ಡಿಗಳಲ್ಲಿ ಬಿಗಿತ ಒಂದಾದರೆ ಸ್ವರವೂ ಒಂದಾಗುತ್ತದೆ. ಬಲಗಡೆಯ ಹದಿನಾರೂ ಒಂದು ಸ್ವರದಲ್ಲಿ, ಎಡಗಡೆಯ ಹದಿನಾರೂ ಅದಕ್ಕಿಂತ ತಗ್ಗಿದ ಇನ್ನೊಂದು ಸ್ವರದಲ್ಲಿ ನುಡಿದ ಮೇಲೆಯೇ ಅವರು ಟೈರು ಕೇಳಿದ್ದು.

ಆ ಗಾಲಿಯ ಮೇಲೆ, 28 ಮಿಲಿಮೀಟರಿನ ಟೈರು ಹಾಕಿಕೊಂಡು, ನನ್ನ ಅಳಿಯ ಈ ಒಂದು ವರ್ಷದಲ್ಲಿ ಗೊರವನಹಳ್ಳಿಗೂ ಸಿದ್ಧರ ಬೆಟ್ಟದ ಬುಡಕ್ಕೂ ಪಾವಗಡಕ್ಕೂ ಹೋಗಿಬಂದಿದ್ದಾನೆ. ಮುಳ್ಳಿನಿಂದ ನಾಲ್ಕು ಸಲ ಪಂಚರ್ ಆಗಿದೆ, ಕಡ್ಡಿ ಒಂದೂ ಮುರಿದಿಲ್ಲ. ತೆಗೆದ 24 ಕಡ್ಡಿಯ ಹಳೆಯ ಗಾಲಿಯನ್ನು ಅಲ್ಲಿಯೇ ಬಿಟ್ಟುಬಂದೆವು. ಅದು ಈಗಲೂ ಆ ಅಂಗಡಿಯ ಗೋಡೆಯ ಮೊಳೆಗೆ ತೂಗುಬಿದ್ದಿದೆ; ಅದಕ್ಕೆ ಒಪ್ಪುವ ಕಡ್ಡಿ ಇನ್ನೂ ಬಂದಿಲ್ಲ.